ರಸ್ತೆ ತೆರೆದವನ ಊರಿನಲ್ಲಿ ನೆನಪಿನ ಪಾಠ

(ಅಂಕೋಲೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)

ಅಧ್ಯಕ್ಷರೇ, ದತ್ತಿ ಇಟ್ಟ ಕುಟುಂಬದ ಹಿರಿಯರೇ, ಮಾಸ್ತರರೇ, ಅಕ್ಕೋರುಗಳೇ, ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿರುವ ಮಾಜಿ ಸೈನಿಕರೇ, ಹಿಂದಿನ ಬಾಗಿಲ ಹತ್ತಿರ ಕೂತು ಆಗಲೇ ಗಡಿಯಾರ ನೋಡುತ್ತಿರುವ ಮಕ್ಕಳೇ,

ಸೈನಿಕರನ್ನು ಶಾಲೆ ಹೇಗೆ ಗೌರವಿಸಬೇಕು, ಅವರ ನೆನಪನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದು ಈ ಸಂಜೆ ನನಗೆ ಒಪ್ಪಿಸಿದ ವಿಷಯ. ಇದರಲ್ಲಿ ಎರಡು ಕೆಲಸಗಳಿವೆ. ಮೊದಲನೆಯದನ್ನು ನಾವು ಚೆನ್ನಾಗಿಯೇ ಮಾಡುತ್ತೇವೆ. ಜನವರಿ 26, ಆಗಸ್ಟ್ 15, ಕಾರ್ಗಿಲ್ ವಿಜಯದ ನೆನಪಿಗೆ ಜುಲೈ 26, ಬಾಂಗ್ಲಾ ಯುದ್ಧದ ನೆನಪಿಗೆ ಡಿಸೆಂಬರ್ 16. ಊರಿನ ಮಾಜಿ ಸೈನಿಕರೊಬ್ಬರು ಪದಕಗಳನ್ನು ಹಾಕಿಕೊಂಡು ಬರುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟಿನ ಒಂದು ಸ್ಮರಣಿಕೆ. ನಾಲ್ಕು ಮಕ್ಕಳ ಭಾಷಣ, ಅದರಲ್ಲಿ ಮೂರು ಒಂದೇ ಪುಸ್ತಕದಿಂದ ಬಂದದ್ದು. ಆಮೇಲೆ "ಈಗ ಅತಿಥಿಗಳು ಎರಡು ಮಾತು ಆಡಬೇಕು" ಎಂಬ ವಿನಂತಿ. ಅವರು ಎದ್ದು ನಿಂತು ಚೆನ್ನಾಗಿ ಓದಿರಿ, ಶಿಸ್ತು ಇರಲಿ ಎನ್ನುತ್ತಾರೆ. ಅಷ್ಟರಲ್ಲಿ ಪೇಡೆಯ ಡಬ್ಬಿ ತೆರೆದ ಸದ್ದು ಕೇಳುತ್ತದೆ, ಸಭೆಯ ಗಮನ ಅತ್ತ ಹೋಗುತ್ತದೆ.

ಗೌರವ ಆಯಿತು. ಪಾಠ ಆಯಿತೇ? ನಾನು ಮಾಸ್ತರಿಕೆ ಮಾಡಿದವನು, ನನ್ನ ಅಳತೆಗೋಲು ಒಂದೇ: ಮಾರನೆಯ ದಿನ ಕೇಳಿದರೆ ಮಗು ಉತ್ತರ ಹೇಳಬೇಕು. ಕಾರವಾರದ ಯಾವುದಾದರೂ ಶಾಲೆಯಲ್ಲಿ "ರಾಮ ರಾಘೋಬ ರಾಣೆ ಯಾರು?" ಎಂದು ಕೇಳಿ. ಕೈಗಳು ಮೇಲೇಳುತ್ತವೆ. ಪರಮವೀರ ಚಕ್ರ ಪಡೆದವರು, ನಮ್ಮ ಚೆಂಡಿಯಾದವರು. "ಏನು ಮಾಡಿದರು?" ಎಂದು ಕೇಳಿ. "ದೇಶಕ್ಕಾಗಿ ಹೋರಾಡಿದರು ಸರ್." ಈ ಉತ್ತರ ಪರಮವೀರ ಚಕ್ರ ಪಡೆದ ಇಪ್ಪತ್ತೊಂದು ಮಂದಿಗೂ ಹೊಂದುತ್ತದೆ. ಎಲ್ಲರಿಗೂ ಹೊಂದುವ ಉತ್ತರ ಯಾರೊಬ್ಬರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಇವತ್ತಿನ ಹೆಚ್ಚಿನ ಸಮಯವನ್ನು "ಏನು ಮಾಡಿದರು?" ಎಂಬ ಪ್ರಶ್ನೆಗೇ ಕೊಡುತ್ತೇನೆ.

1948ರ ಏಪ್ರಿಲ್ ತಿಂಗಳು. ಜಮ್ಮುವಿನ ನೌಶೇರಾದಿಂದ ರಾಜೌರಿಯ ಕಡೆಗೆ ನಮ್ಮ ಸೇನೆ ಹೊರಟಿದೆ. ರಾಜೌರಿಯಲ್ಲಿ ದಾಳಿಕೋರರ ಕೈಗೆ ಸಿಕ್ಕ ನಾಗರಿಕರಿದ್ದಾರೆ. ಬೇಗ ತಲುಪಿದಷ್ಟು ಹೆಚ್ಚು ಜೀವ ಉಳಿಯುತ್ತದೆ. ಟ್ಯಾಂಕುಗಳಿವೆ, ಆದರೆ ಟ್ಯಾಂಕಿಗೆ ದಾರಿ ಬೇಕು. ದಾರಿಯಲ್ಲಿ ನೆಲಬಾಂಬುಗಳನ್ನು ಹೂತಿದ್ದಾರೆ, ದೊಡ್ಡ ದೊಡ್ಡ ಪೈನ್ ಮರಗಳನ್ನು ಕಡಿದು ಅಡ್ಡ ಕೆಡವಿದ್ದಾರೆ, ಮೋರಿಗಳನ್ನು ಸಿಡಿಸಿದ್ದಾರೆ, ಗುಡ್ಡದ ಅಂಚನ್ನು ಕುಸಿಯುವಂತೆ ಮಾಡಿದ್ದಾರೆ. ಒಂದೊಂದು ಅಡ್ಡಿಯ ಮೇಲೂ ಎತ್ತರದಿಂದ ಮೆಷಿನ್‌ಗನ್ನಿನ ಕಣ್ಣು. ಇದನ್ನೆಲ್ಲ ತೆರವು ಮಾಡುವ ಹೊಣೆ ಬಾಂಬೆ ಸ್ಯಾಪರ್ಸ್ ಪಡೆಯ 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಯದು. ಅದರ ಮುಖಂಡ ಸೆಕೆಂಡ್ ಲೆಫ್ಟಿನೆಂಟ್ ರಾಣೆ, ವಯಸ್ಸು ಮೂವತ್ತರ ಹತ್ತಿರ, ಅಧಿಕಾರಿಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಏಪ್ರಿಲ್ 8ರ ಬೆಳಿಗ್ಗೆ ಕೆಲಸ ಸುರುವಾಗುವ ಹೊತ್ತಿಗೇ ಮಾರ್ಟರ್ ಗುಂಡುಗಳು ಬಿದ್ದವು. ತುಕಡಿಯ ಇಬ್ಬರು ಸತ್ತರು, ಐವರಿಗೆ ಗಾಯ. ಐವರಲ್ಲಿ ಒಬ್ಬರು ರಾಣೆಯೇ. ಅವರು ಅಲ್ಲಿಂದ ಹಿಂದೆ ಸರಿಯಲಿಲ್ಲ. ಅವತ್ತು ರಾತ್ರಿಯವರೆಗೂ ನೆಲಬಾಂಬು ತೆಗೆಸಿದರು. ಗುಂಡಿನ ಮಳೆಯ ನಡುವೆ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ನಿಲ್ಲು, ಮುಂದೆ ಬಾ ಎಂಬುದನ್ನು ಚಾಲಕನಿಗೆ ಹಗ್ಗ ಎಳೆದು ತಿಳಿಸುತ್ತಿದ್ದರೆಂದು ಸೇನೆಯ ಕಥನಗಳು ಹೇಳುತ್ತವೆ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಮತ್ತೆ ಆರಂಭ, ಮಧ್ಯಾಹ್ನ ಮೂರರವರೆಗೆ ಟ್ಯಾಂಕಿಗಾಗಿ ಒಂದು ಬದಲಿ ದಾರಿ. ಆಮೇಲೆ ಮುಂಚೂಣಿಯ ಟ್ಯಾಂಕಿನ ಜೊತೆ ಹೊರಟು, ಮರ ಅಡ್ಡ ಬಂದಲ್ಲಿ ಇಳಿದು ಸಿಡಿಸುವುದು, ಮತ್ತೆ ಹತ್ತುವುದು, ಮುನ್ನೂರು ಗಜ ಹೋಗುವಷ್ಟರಲ್ಲಿ ಮತ್ತೊಂದು ಅಡ್ಡಿ. 10ರಂದು ಬೆಳಗಿನ ಜಾವ ನಾಲ್ಕೂಮುಕ್ಕಾಲಕ್ಕೆ ಎದ್ದು, ಸುತ್ತ ನೆಲಬಾಂಬು ಹೂತಿದ್ದ ಐದು ಪೈನ್ ಮರಗಳ ಅಡ್ಡಿಯನ್ನು ಎರಡು ಗಂಟೆಯೊಳಗೆ ಬಿಡಿಸಿದರು. ಮುಂದಿನ ಒಂದು ಸಾವಿರ ಗಜ ಪೂರ್ತಿ ಅಡ್ಡಿಗಳೇ. ಮಧ್ಯಾಹ್ನ ಟ್ಯಾಂಕುಗಳು ಚಿಂಗಸ್ ಮುಟ್ಟಿದವು. ರಾಣೆ ಊಟ, ವಿಶ್ರಾಂತಿ ಎರಡೂ ಇಲ್ಲದೆ ರಾತ್ರಿ ಒಂಬತ್ತರವರೆಗೆ ಹಿಂದಿನ ದಾರಿಯನ್ನು ವಾಹನಗಳಿಗೆ ಸರಿಮಾಡುತ್ತಿದ್ದರು. 11ರಂದು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಮತ್ತೆ ಅದೇ ಕೆಲಸ.

ಈ ನಾಲ್ಕು ದಿನಗಳ ವಿವರದಲ್ಲಿ ರಾಣೆ ಒಂದು ಗುಂಡನ್ನಾದರೂ ಹಾರಿಸಿದ ಪ್ರಸಂಗ ನನಗೆ ಕಾಣಿಸಿಲ್ಲ. ದೇಶದ ಅತ್ಯುನ್ನತ ಯುದ್ಧ ಪದಕ ನಮ್ಮ ಜಿಲ್ಲೆಗೆ ಬಂದದ್ದು ರಸ್ತೆ ಕೆಲಸಕ್ಕೆ! ಕರ್ನಾಟಕದ ನೆಲದಲ್ಲಿ ಹುಟ್ಟಿದವರ ಪೈಕಿ ಪರಮವೀರ ಚಕ್ರ ಪಡೆದವರು ಇವರೊಬ್ಬರೇ. ಬದುಕಿರುವಾಗಲೇ ಅದನ್ನು ಪಡೆದ ಮೊದಲಿಗರ ಸಾಲಿನಲ್ಲಿ ಅವರ ಹೆಸರಿದೆ. ಇಪ್ಪತ್ತೊಂದರಲ್ಲಿ ಹದಿನಾಲ್ಕು ಪದಕಗಳು ಸತ್ತ ಮೇಲೆ ಬಂದವು.

ನಮ್ಮ ಕರಾವಳಿಯ ಮಕ್ಕಳಿಗೆ ವೀರನೆಂದರೆ ಯಾರು ಎಂಬುದನ್ನು ಶಾಲೆಗಿಂತ ಮೊದಲೇ ಯಕ್ಷಗಾನ ಕಲಿಸಿಬಿಟ್ಟಿರುತ್ತದೆ. ಚಂಡೆಯ ಪೆಟ್ಟಿಗೆ ಪರದೆ ಸರಿಸಿ ಬರುವವನು, ಬರುತ್ತಲೇ ಯಾರನ್ನಾದರೂ ಮೂದಲಿಸುವವನು, ಅಭಿಮನ್ಯುವಾದರೆ ಸಾಯುವಾಗಲೂ ಕುಣಿಯುವವನು. ನನಗೂ ಅದು ಇಷ್ಟ. ಬೆಳಗಾಗುವವರೆಗೆ ಕೂತು ನೋಡಿದವನೇ ನಾನು. ಆದರೆ ವೇಷ ಸ್ಪರ್ಧೆಯಲ್ಲಿ ರಾಣೆಯಾಗಿ ಬರುವ ಹುಡುಗನ ಕೈಗೆ ನಾವು ರಟ್ಟಿನ ಬಂದೂಕು ಕೊಡುತ್ತೇವಲ್ಲ, ಅಲ್ಲಿ ಕಥೆ ತಪ್ಪುತ್ತದೆ. ಆ ಹುಡುಗನ ಕೈಯಲ್ಲಿ ಹಗ್ಗ ಇರಬೇಕು, ಅಂಗಿಗೆ ಕೆಸರು ಮೆತ್ತಿರಬೇಕು, ಅವನು ಹೊಟ್ಟೆಯ ಮೇಲೆ ತೆವಳಿಕೊಂಡು ರಂಗಕ್ಕೆ ಬರಬೇಕು. ತಾಯಂದಿರು ಅಂಗಿ ತೊಳೆಯುವ ಕಷ್ಟಕ್ಕೆ ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.

ಹೀಗೆ ಹೇಳಿದ ಕೂಡಲೇ ಪಾಠಕ್ಕೆ ಎಷ್ಟೊಂದು ಬಾಗಿಲು ತೆರೆಯುತ್ತವೆ ನೋಡಿ. ಭೂಗೋಳದ ಮಾಸ್ತರು ನೌಶೇರಾ, ಚಿಂಗಸ್, ರಾಜೌರಿಗಳನ್ನು ನಕಾಶೆಯಲ್ಲಿ ತೋರಿಸಬಹುದು. ಆ ದಾರಿ ಮೊಗಲರು ಕಾಶ್ಮೀರಕ್ಕೆ ಹೋಗುತ್ತಿದ್ದ ದಾರಿ ಎಂದು ಇತಿಹಾಸದ ಅಕ್ಕೋರು ಹೇಳಬಹುದು. ವಿಜ್ಞಾನದವರಿಗೆ ಮೋರಿ ಏಕೆ ಬೇಕು, ಗುಡ್ಡದ ಅಂಚು ಏಕೆ ಕುಸಿಯುತ್ತದೆ ಎಂಬ ಪ್ರಶ್ನೆ. ಅಂಕೋಲೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾದ್ದೂ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ ಮನುಷ್ಯರನ್ನೂ ಗಂಗಾವಳಿಗೆ ತಳ್ಳಿದ್ದನ್ನು ಅವರು ಕಂಡಿದ್ದಾರೆ. ಸೇನೆಯವರು ಬಂದರು, ನೌಕಾಪಡೆಯ ಮುಳುಗುಗಾರರು ಕೆಂಪು ನೀರಿಗೆ ಇಳಿದರು. ಸೈನಿಕನ ಕೆಲಸದಲ್ಲಿ ಮಣ್ಣು ತೆಗೆಯುವುದು, ಶವ ಹುಡುಕುವುದು, ಮಳೆಯಲ್ಲಿ ಕಾಯುವುದು ಸೇರಿದೆ ಎಂದು ಆ ವಾರ ಈ ತಾಲೂಕಿನ ಮಕ್ಕಳು ಕಲಿತದ್ದನ್ನು ಯಾವ ಭಾಷಣವೂ ಕಲಿಸಿರಲಿಲ್ಲ.

ರಾಣೆಯವರ ಬಾಲ್ಯದಲ್ಲಿ ಇನ್ನೊಂದು ಪಾಠವಿದೆ, ಅದು ನೇರವಾಗಿ ಅಂಕೋಲೆಗೆ ಸಂಬಂಧಿಸಿದ್ದು. ಹುಟ್ಟಿದ್ದು 1918ರ ಜೂನ್ 26ರಂದು. ತಂದೆ ರಾಘೋಬ ಪೊಲೀಸ್ ಇಲಾಖೆಯಲ್ಲಿ ಕಾನ್‌ಸ್ಟೇಬಲ್. ವರ್ಗವಾದಲ್ಲೆಲ್ಲ ಸಂಸಾರ, ಹುಡುಗನಿಗೆ ಹೊಸ ಹೊಸ ಶಾಲೆ. 1930ರಲ್ಲಿ ದೇಶವೇ ಎದ್ದು ನಿಂತಾಗ ಹನ್ನೆರಡರ ಈ ಹುಡುಗನೂ ಚಳವಳಿಯ ಕಡೆ ಎಳೆಯಲ್ಪಟ್ಟ. ಸರಕಾರದ ಪೊಲೀಸನ ಮಗ ಸರಕಾರದ ವಿರುದ್ಧ ಕೂಗಿದರೆ ಮನೆಯಲ್ಲಿ ಏನಾಗುತ್ತದೆಂದು ಊಹಿಸಿಕೊಳ್ಳಿ. ತಂದೆ ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದರು. ತಮಾಷೆಯೆಂದರೆ, ಮಗನನ್ನು ಚಳವಳಿಯಿಂದ ದೂರ ಇಡಲು ಅವರು ಕರೆತಂದ ಊರು ಅಂಕೋಲೆಯಿಂದ ತುಸುವೇ ಉತ್ತರಕ್ಕಿತ್ತು. ಅದೇ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದ ಅಂಕೋಲೆ, ಮುಂದೆ ಕರನಿರಾಕರಣೆಗೆ ಇಳಿದು ಜಮೀನು ಮುಟ್ಟುಗೋಲಾದರೂ ಬಗ್ಗದೆ ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ಅಂಕೋಲೆ!

ಹತ್ತು ವರ್ಷಗಳ ನಂತರ, 1940ರ ಜುಲೈಯಲ್ಲಿ, ಇದೇ ಹುಡುಗ ಬ್ರಿಟಿಷ್ ಸರಕಾರದ ಸೇನೆ ಸೇರಿದ. ಬಾಂಬೆ ಎಂಜಿನಿಯರ್ಸ್ ಪಡೆಯಲ್ಲಿ ತರಬೇತಿಯ ಅತ್ಯುತ್ತಮ ಸೈನಿಕನೆಂದು ಕಮಾಂಡೆಂಟರ ಬೆತ್ತದ ಬಹುಮಾನ ಪಡೆದ. ಬರ್ಮಾದ ಅರಾಕಾನ್ ಕಾಡುಗಳಲ್ಲಿ ಜಪಾನೀಯರ ವಿರುದ್ಧ ಹೋರಾಡಿದ. ಇದನ್ನು ಮಕ್ಕಳಿಗೆ ಹೇಗೆ ಹೇಳುವುದು? ನಮ್ಮಲ್ಲಿ ಎಷ್ಟೋ ಮಂದಿ ಈ ಭಾಗವನ್ನು ನುಂಗಿಬಿಡುತ್ತೇವೆ. ಸತ್ಯಾಗ್ರಹಿ ಒಂದು ಅಧ್ಯಾಯದಲ್ಲಿ, ಸೈನಿಕ ಇನ್ನೊಂದು ಅಧ್ಯಾಯದಲ್ಲಿ, ನಡುವೆ ಪರೀಕ್ಷೆ. ಒಬ್ಬನೇ ಮನುಷ್ಯ ಎರಡೂ ಅಧ್ಯಾಯಗಳಲ್ಲಿ ಕಾಣಿಸಿಕೊಂಡರೆ ನಮಗೆ ಗೊಂದಲ. ಮಕ್ಕಳಿಗೆ ಅಷ್ಟು ಗೊಂದಲವಾಗುವುದಿಲ್ಲ. ಅವರ ಮನೆಯಲ್ಲೇ ಒಬ್ಬ ಅಜ್ಜ ಜೈಲಿಗೆ ಹೋಗಿ, ಅವರ ತಮ್ಮ ಹಡಗಿನ ನೌಕರಿಗೆ ಹೋದ ಕಥೆ ಇರುತ್ತದೆ. ಹೊಟ್ಟೆಪಾಡು, ಸಾಹಸದ ಆಸೆ, ದೇಶಪ್ರೇಮ, ಮನೆಯ ಒತ್ತಡ ಎಲ್ಲ ಒಟ್ಟಿಗೇ ಬರುತ್ತವೆಂದು ಹನ್ನೆರಡರ ಮಗುವಿಗೂ ಗೊತ್ತು. ಎರಡನೆಯ ಮಹಾಯುದ್ಧದಲ್ಲಿ ಸೇವೆ ಮಾಡಿದ ಸಾವಿರಾರು ಕನ್ನಡಿಗರನ್ನು ಶಾಲೆ ಮರೆತಿರುವುದು ಈ ಮುಜುಗರದಿಂದಲೇ: ಅವರು ಯಾರ ಯುದ್ಧ ಮಾಡಿದರು ಎಂದು ನಾವು ಇನ್ನೂ ತೀರ್ಮಾನಿಸಿಲ್ಲ.

ಅಂಕೋಲೆಯ ಸ್ವಾತಂತ್ರ್ಯ ಹೋರಾಟಗಾರರ ವಿಷಯದಲ್ಲಿ ಶಾಲೆಗಳು ಏನು ಮಾಡಿದವೆಂಬುದನ್ನು ನೆನೆಸಿಕೊಂಡರೆ ಈಗ ಏನು ಮಾಡಬಾರದೆಂಬುದು ತಿಳಿಯುತ್ತದೆ. ನನ್ನ ತಲೆಮಾರಿನ ಮಾಸ್ತರರಿಗೆ ಆಗಸ್ಟ್ 15ಕ್ಕೆ ಅತಿಥಿಗಳ ಬರವೇ ಇರಲಿಲ್ಲ. ಪ್ರತಿ ಕೇರಿಯಲ್ಲೂ ಖಾದಿ ಟೊಪ್ಪಿಯ ಒಬ್ಬರಿದ್ದರು. ಕರೆದೆವು, ಹಾರ ಹಾಕಿದೆವು, ಎರಡು ಮಾತು ಆಡಿಸಿದೆವು. ಜಪ್ತಿಯ ದಿನ ಮನೆಯಿಂದ ಏನೇನು ಹೊರಗೆ ಹೊತ್ತರು, ಜಮೀನು ಹೋದ ವರ್ಷ ಊಟಕ್ಕೆ ಏನು ಮಾಡಿದಿರಿ, ಲಿಲಾವಿನಲ್ಲಿ ನಿಮ್ಮ ಗದ್ದೆ ಹಿಡಿದ ನೆರೆಯವನ ಜೊತೆ ಆಮೇಲೆ ಮಾತಾಡಿದಿರಾ ಎಂದು ಕೇಳಿದವರು ಕಡಿಮೆ. ಹೆಂಗಸರನ್ನಂತೂ ಕೇಳಲೇ ಇಲ್ಲ. ಗಂಡ ಹಿಂಡಲಗಾದ ಜೈಲಿನಲ್ಲಿದ್ದಾಗ ಮನೆ ನಡೆಸಿದವಳು ಸಭೆಯ ಕೊನೆಯ ಸಾಲಿನಲ್ಲಿ ಕೂತಿರುತ್ತಿದ್ದಳು. ಈಗ ಆ ಕುರ್ಚಿಗಳು ಖಾಲಿ. ಸ್ಮಾರಕ ಭವನವಿದೆ, ಪುಸ್ತಕಗಳಿವೆ, ಮುಖಂಡರ ಹೆಸರುಗಳಿವೆ. ಆದರೆ ಗದ್ದೆ ಕಳೆದುಕೊಂಡ ಸಾಮಾನ್ಯನ ದನಿ ಹಾರದ ಹೂವಿನ ಜೊತೆಗೇ ಬಾಡಿತು.

ಲೆಕ್ಕ ಹಾಕಿ. 1971ರ ಯುದ್ಧದಲ್ಲಿ ಇಪ್ಪತ್ತರ ತರುಣನಾಗಿದ್ದವರು ಈಗ ಎಪ್ಪತ್ತೈದರ ಆಚೀಚೆ ಇದ್ದಾರೆ. 1965ರವರು ಎಂಬತ್ತು ದಾಟಿದ್ದಾರೆ. ಶ್ರೀಲಂಕೆಗೆ ಹೋದ ಶಾಂತಿಪಡೆಯವರಿಗೂ ಅರುವತ್ತಾಯಿತು, ಅವರನ್ನಂತೂ ಯಾವ ಶಾಲೆಯೂ ಕರೆಯುವುದಿಲ್ಲ, ಏಕೆಂದರೆ ಆ ಯುದ್ಧಕ್ಕೆ ಕ್ಯಾಲೆಂಡರಿನಲ್ಲಿ ಒಂದು ದಿನವಿಲ್ಲ. ಇವರಲ್ಲಿ ಕೆಲವರನ್ನು ನಮ್ಮ ಮಕ್ಕಳು ದಿನಾಲೂ ಕಾಣುತ್ತಾರೆ: ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತ ಕಾವಲುಗಾರ, ತೋಟಕ್ಕೆ ನೀರು ಬಿಡುವ ಮಿಲಿಟ್ರಿ ಮಾವ, ಬಸ್ಸಿಗೆ ಸಾಲು ತಪ್ಪಿಸಿದರೆ ಗದರುವ ಮುದುಕ. ಖಾದಿ ಟೊಪ್ಪಿಯವರ ವಿಷಯದಲ್ಲಿ ಕಳೆದ ಹೊತ್ತು ಇವರ ವಿಷಯದಲ್ಲಿ ಇನ್ನೂ ಸ್ವಲ್ಪ ಉಳಿದಿದೆ.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಬರೋಣ. ಶಾಲಾ ಪ್ರವಾಸದ ಬಸ್ಸುಗಳು ನಿಲ್ಲುವ ಜಾಗ. ಅಲ್ಲಿ ರಾಣೆಯವರ ಪ್ರತಿಮೆ ಇದೆ, 2006ರ ನವೆಂಬರಿನಲ್ಲಿ ಅನಾವರಣಗೊಂಡದ್ದು. ಹತ್ತಿರವೇ ಚಪಲ್ ಎಂಬ ಕ್ಷಿಪಣಿ ದೋಣಿಯ ಸಂಗ್ರಹಾಲಯ, ಈಚೆಗೆ ಟುಪೊಲೆವ್ ವಿಮಾನವೂ ಬಂದು ಸೇರಿದೆ. (ರಾಷ್ಟ್ರೀಯತೆಯ ಅಮಲಿನ ಬಗ್ಗೆ 1917ರಲ್ಲೇ ಒಂದು ಪುಸ್ತಕ ಬರೆದು ಎಚ್ಚರಿಸಿದ ಕವಿಯ ಹೆಸರಿನ ತೀರದಲ್ಲಿ ಇವೆಲ್ಲ ನಿಂತಿರುವುದು ವಿಚಿತ್ರವೆನಿಸಬಹುದು. ನನಗೇನೋ ಇದು ಒಳ್ಳೆಯ ನೆರೆಹೊರೆ ಎನಿಸುತ್ತದೆ; ಒಂಬತ್ತನೆಯ ತರಗತಿಯ ಚರ್ಚಾಕೂಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.) ಚಪಲ್ ದೋಣಿಯ ಮುಂದೆ ನಿಂತು "ಇದೇ ಹಡಗು 1971ರಲ್ಲಿ ಕರಾಚಿಯನ್ನು ಸುಟ್ಟಿತು" ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ನಿವೃತ್ತಿ 2005ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಕ್ಷಿಪಣಿ ಹೊತ್ತು ಹೋದ ದೋಣಿಗಳು ನಿಪಾತ್, ನಿರ್ಘಾತ್, ವೀರ್. ಅವು ಚಪಲ್‌ನ ಅಕ್ಕಂದಿರು ಎನ್ನಬಹುದು, ಒಂದೇ ರಷ್ಯನ್ ಮನೆತನದ ಸ್ವಲ್ಪ ಹಳೆಯ ಮಾದರಿ. ಆ ರಾತ್ರಿಯ ನೆನಪಿಗೇ ಡಿಸೆಂಬರ್ 4 ನೌಕಾಪಡೆಯ ದಿನ. ಸತ್ಯ ಇಷ್ಟು ಚೆನ್ನಾಗಿರುವಾಗ ಸುಳ್ಳಿನ ಅಗತ್ಯವೇನಿತ್ತು? "ಈ ದೋಣಿ ಯುದ್ಧಕ್ಕೆ ಹೋಗಲಿಲ್ಲ, ಸುಮಾರು ಮೂವತ್ತು ವರ್ಷ ಸಿದ್ಧವಾಗಿ ಕಾದು ನಿಂತಿತ್ತು" ಎಂದರೆ ಮಕ್ಕಳು ಚಪ್ಪಾಳೆ ತಟ್ಟಲಿಕ್ಕಿಲ್ಲ. ಆದರೆ ಹೆಚ್ಚಿನ ಸೈನಿಕರ ಬದುಕು ಅದೇ ಅಲ್ಲವೇ? ಹದಿನೇಳು ವರ್ಷ ಸೇವೆ ಮಾಡಿ, ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸದೆ, ಹಿಮದಲ್ಲಿ ಬೆರಳು ಮರಗಟ್ಟಿಸಿಕೊಂಡು ಊರಿಗೆ ಬಂದವರು ಈ ಸಭೆಯಲ್ಲೇ ಇರಬಹುದು. ಯುದ್ಧಕಥೆ ಇಲ್ಲವೆಂದು ಅವರು ಶಾಲೆಗೆ ಬರಲು ನಾಚುತ್ತಾರೆ. ಮಕ್ಕಳಿಗೆ ತಾರೀಕು ನೋಡುವ ಅಭ್ಯಾಸ ಮಾಡಿಸುವುದು ಸೈನಿಕರಿಗೆ ಮಾಡುವ ಅಗೌರವವಲ್ಲ. ತಪ್ಪು ಪದಕ ಧರಿಸುವುದು ಸೇನೆಯಲ್ಲಿ ಅಪರಾಧ. ತಪ್ಪು ಕಥೆ ತೊಡಿಸುವುದು ಶಾಲೆಯಲ್ಲಿ ಸಂಭ್ರಮವಾಗಬಾರದು.

ಅದೇ ಕಡಲ ದಿಕ್ಕಿನಲ್ಲಿ ಅಂಜದೀವ ದ್ವೀಪವಿದೆ. ಇಲ್ಲಿಯ ಸಮುದ್ರದ ಮೇಲೆ ಯುದ್ಧ ನಡೆದದ್ದು ಎಷ್ಟು ಮಕ್ಕಳಿಗೆ ಗೊತ್ತು? 1961ರ ನವೆಂಬರಿನಲ್ಲಿ ಪೋರ್ಚುಗೀಸರು ಆ ದ್ವೀಪದಿಂದ ಸಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಮೀನು ಹಿಡಿಯಲು ಹೋದ ದೋಣಿಯ ಮೇಲೂ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ ಐಎನ್‌ಎಸ್ ತ್ರಿಶೂಲ್ ಹಡಗಿನಿಂದ ನಾವಿಕರು ಅಂಜದೀವಕ್ಕೆ ಇಳಿದರು. ದ್ವೀಪದವರು ಬಿಳಿ ಬಾವುಟ ತೋರಿಸಿ, ಇಳಿಯುತ್ತಿದ್ದವರ ಮೇಲೆ ಗುಂಡು ಹಾರಿಸಿದರೆಂದು ನೌಕಾಪಡೆಯ ದಾಖಲೆ ಹೇಳುತ್ತದೆ. ಏಳು ನಾವಿಕರು ಸತ್ತರು. ಅವರ ನೆನಪಿನ ಸ್ಮಾರಕಕ್ಕೆ ಗೋವೆಯ ನೌಕಾನೆಲೆ ಐಎನ್‌ಎಸ್ ಗೋಮಾಂತಕದಲ್ಲಿ ಜಾಗ ಸಿಕ್ಕಿತು. ಕಾರವಾರದ ಪಠ್ಯದಲ್ಲಿ ಜಾಗ ಸಿಕ್ಕಿಲ್ಲ. ಆ ಏಳು ಮಂದಿಯ ಜೊತೆಗೆ ಆ ಮೀನುಗಾರನನ್ನೂ ಒಂದೇ ಉಸಿರಿನಲ್ಲಿ ಹೇಳುವ ಶಾಲೆ ಕಾರವಾರ ಸೀಮೆಯದ್ದೇ ಆಗಬೇಕು. ಸಮವಸ್ತ್ರವಿಲ್ಲದೆ ಯುದ್ಧದಲ್ಲಿ ಸತ್ತವನ ಮಕ್ಕಳು, ಮರಿಮಕ್ಕಳು ಇದೇ ತೀರದಲ್ಲಿ ಬಲೆ ಒಣಗಿಸುವವರ ಪೈಕಿ ಇದ್ದಾರು.

ಈಗ ನಾನು ಹೇಳಲೇಬೇಕಾದ ಒಂದು ಮಾತಿದೆ. ಹೇಳಿದರೆ ಕೆಲವರಿಗೆ ಇಷ್ಟವಾಗದು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಇಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ನಡುವಿನ ವರ್ಷಗಳಲ್ಲಿ ಅರಗಾ, ಬಿಣಗಾ, ಚೆಂಡಿಯಾ, ಹಾರವಾಡ ಮುಂತಾದ ಊರುಗಳ ಸುಮಾರು ನಾಲ್ಕು ಸಾವಿರ ಕುಟುಂಬಗಳು ಮನೆ, ಗದ್ದೆ, ತೋಟ, ದೋಣಿ ಎಳೆಯುವ ಮರಳನ್ನು ಬಿಟ್ಟವು. ಪಟ್ಟಿಯಲ್ಲಿ ಚೆಂಡಿಯಾ ಇದೆ ಎಂಬುದನ್ನು ಗಮನಿಸಿ. ಪರಮವೀರನ ಊರೇ ದೇಶದ ರಕ್ಷಣೆಗಾಗಿ ನೆಲ ಕೊಟ್ಟ ಊರು. ತೋಡೂರಿನ ಪುನರ್ವಸತಿ ಕಾಲೋನಿಯಲ್ಲಿ ಬೆಳೆದ ಮಗುವಿಗೆ "ದೇಶಕ್ಕಾಗಿ ತ್ಯಾಗ" ಎಂದರೆ ಮೊದಲು ನೆನಪಾಗುವುದು ಅಜ್ಜಿಯ ಅಂಗಳ. ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದವು, ವಾರಸುದಾರರು ಮುದುಕರಾದರು. ಸೈನಿಕನನ್ನು ನೆನೆಯುವ ಸಭೆಯಲ್ಲಿ ಇದನ್ನು ಎತ್ತಬಾರದೆನ್ನುವವರಿದ್ದಾರೆ. ಎತ್ತದಿದ್ದರೆ ಆ ಮಗು ನಮ್ಮ ಭಾಷಣವನ್ನು ನಂಬುವುದಿಲ್ಲ, ನಂಬಬೇಕಾದ ಕಾರಣವೂ ಇಲ್ಲ. ಪ್ರತಿಮೆ, ನೌಕಾನೆಲೆ, ಕಾಲೋನಿ ಮೂರನ್ನೂ ಒಂದೇ ದಿನ ನೋಡಿ ಬರುವ ಶಾಲಾ ಪ್ರವಾಸ ಒಂದಾದರೂ ಇರಬೇಕು.

ವೀರನ ಜೊತೆ ನೆಲದ ಲೆಕ್ಕವನ್ನೂ ನೆನೆಯುವುದು ಹೊಸ ಯೋಚನೆಯೇನೂ ಅಲ್ಲ, ನಮ್ಮ ನಾಡಿನ ಹಳೆಯ ಪದ್ಧತಿಯೇ. ಬನವಾಸಿಯ ಸುತ್ತಮುತ್ತ ವೀರಗಲ್ಲು ಕಾಣದವರು ಯಾರು? ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕಲ್ಲಿನ ಬರಹ ನೋಡಿದರೆ ನಮ್ಮ ಸಭೆಗಳಿಗಿಂತ ಅದು ಎಷ್ಟೋ ಖಚಿತ: ಯಾವ ಅರಸನ ಕಾಲ, ಯಾವ ಊರಿನ ಯಾರು, ಯಾರು ತುರು ಕದ್ದಾಗ, ಎಲ್ಲಿ ಇರಿದು ಸತ್ತ. ಎಷ್ಟೋ ಕಡೆ ಅವನ ಮನೆಯವರಿಗೆ ಬಿಟ್ಟ ಭೂಮಿಯ ವಿವರವೂ ಇದೆ. ಹೊಗಳಿಕೆಯ ಜೊತೆಗೇ ಗದ್ದೆ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನವೂ ಪರಾಕ್ರಮ ತೋರಿದ ವಿಜ ಅರಸನಿಗೆ ಕೊಟ್ಟ ದತ್ತಿಯ ದಾಖಲೆಯೇ. ಮದ್ದೂರು ಸೀಮೆಯ ಆತಕೂರಿನ ಕಲ್ಲು ಇನ್ನೂ ಸೊಗಸು. ತಕ್ಕೋಲದ ಯುದ್ಧದ ಕಾಲದ್ದು, ಕ್ರಿ.ಶ. 949ರ ಸುಮಾರಿನದು. ಮಣಲೆರನೆಂಬ ವೀರನಿಗೆ ಬೇಕಾದ್ದು ಕೇಳು ಎಂದಾಗ ಅವನು ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಕಾಳಿ ಹಂದಿಯ ಜೊತೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕಲ್ಲನ್ನು ನೋಡಿಕೊಳ್ಳುವ ಗೊರವ ಅದಕ್ಕೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆಂದೂ ಬರೆಸಿದ. ನೆನಪೆಂಬುದು ವರ್ಷಕ್ಕೊಮ್ಮೆಯ ಹಬ್ಬವಲ್ಲ, ಯಾರೋ ಒಬ್ಬರ ದಿನದ ಹೊಣೆ ಎಂದು ಆ ಕಾಲದವರಿಗೆ ಗೊತ್ತಿತ್ತು. ನಾಯಿಯ ಕಲ್ಲಿಗೇ ಅಷ್ಟು ಏರ್ಪಾಡು.

ಡಿಸೆಂಬರ್ 7ರ ಧ್ವಜದಿನವನ್ನು ನಾನು ಇದೇ ಸಾಲಿನಲ್ಲಿ ಇಡುತ್ತೇನೆ. 1949ರಿಂದ ನಡೆದುಬಂದದ್ದು. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಕಾಗದದ ಬಾವುಟ, ಮೂರು ಬಣ್ಣ ಮೂರು ಪಡೆಗಳಿಗೆ. ಮಕ್ಕಳು ಹಣ ತರುತ್ತಾರೆ, ಬಾವುಟ ಅಂಗಿಗೆ ಚುಚ್ಚಿಕೊಳ್ಳುತ್ತಾರೆ. ಹಣ ಯಾರಿಗೆ ಹೋಗುತ್ತದೆ ಎಂದು ಕೇಳಿ ನೋಡಿ. ಸೈನಿಕನ ವಿಧವೆಗೆ, ಅಂಗವಿಕಲನಾದ ಯೋಧನಿಗೆ, ಮಾಜಿ ಸೈನಿಕರ ಮಕ್ಕಳ ಓದಿಗೆ ಎಂಬ ಉತ್ತರ ಬಂದರೆ ಅದು ವೀರಗಲ್ಲಿನ ಗದ್ದೆಯ ಪಾಠ. "ಹೆಡ್‌ಮಾಸ್ತರರಿಗೆ" ಎಂಬ ಉತ್ತರ ಬಂದರೆ ನಾವು ಬರೀ ವಸೂಲಿ ಮಾಡಿದ್ದೇವೆ.

ಬೇರೆಯವರು ಏನು ಮಾಡುತ್ತಾರೆ? ನೆದರ್‌ಲ್ಯಾಂಡ್ಸಿನ ಮಾರ್ಗ್ರಾಟನ್ ಎಂಬಲ್ಲಿ ಎರಡನೆಯ ಮಹಾಯುದ್ಧದಲ್ಲಿ ಸತ್ತ ಎಂಟು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಸಮಾಧಿಗಳಿವೆ. ಒಂದೊಂದು ಸಮಾಧಿಯನ್ನೂ ಒಂದೊಂದು ಸ್ಥಳೀಯ ಕುಟುಂಬ ದತ್ತು ಪಡೆದಿದೆ. ಹೂವಿಡುವುದು, ಸತ್ತವನ ಊರಿಗೆ ಕಾಗದ ಬರೆಯುವುದು, ಮುದುಕರಾದ ಮೇಲೆ ಆ ಹೊಣೆಯನ್ನು ಮಕ್ಕಳಿಗೆ ವಹಿಸುವುದು. ಎಂಟು ಸಾವಿರ ಎಂಬುದು ಮಗುವಿಗೆ ಬರೀ ಸಂಖ್ಯೆ. ಒಬ್ಬ ಎಂಬುದು ಹೆಸರು. ನಮ್ಮಲ್ಲಿ 2021ರಿಂದ ಕೇಂದ್ರ ಸರಕಾರ "ವೀರ ಗಾಥಾ" ಎಂಬ ಯೋಜನೆ ನಡೆಸುತ್ತಿದೆ; ಶೌರ್ಯ ಪ್ರಶಸ್ತಿ ಪಡೆದವರ ಬಗ್ಗೆ ಮಕ್ಕಳು ಕವನ, ಪ್ರಬಂಧ, ಚಿತ್ರ ಕಳಿಸುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ದಿಲ್ಲಿಗೆ ಕಳಿಸುವ ಪ್ರಬಂಧಕ್ಕಿಂತ ಪಕ್ಕದ ಓಣಿಗೆ ಹೋಗಿ ಬರೆದುಕೊಂಡು ಬಂದ ಒಂದು ಪುಟ ಹೆಚ್ಚು ಕಲಿಸುತ್ತದೆಂದು ನನ್ನ ಎಣಿಕೆ. ದೂರದ ವೀರನ ಪ್ರಬಂಧ ಮೊಬೈಲಿನಿಂದ ಇಳಿಯುತ್ತದೆ. ಓಣಿಯ ಮುದುಕರ ಕಥೆ ಮೊಬೈಲಿನಲ್ಲಿ ಸಿಗುವುದಿಲ್ಲ. 2023ರಲ್ಲಿ "ನನ್ನ ಮಣ್ಣು ನನ್ನ ದೇಶ" ಅಭಿಯಾನದಲ್ಲಿ ಗ್ರಾಮ ಪಂಚಾಯ್ತಿಗಳಲ್ಲಿ ಶಿಲಾಫಲಕ ನಿಲ್ಲಿಸಿದರಲ್ಲ, ಅದರ ಮುಂದೆ ಏಳನೆಯ ತರಗತಿಯನ್ನು ಕರೆದೊಯ್ದು, ಇಲ್ಲಿರುವ ಒಂದೊಂದು ಹೆಸರಿನ ಮನೆ ಹುಡುಕಿ ಎಂದರೆ ಸಾಕು. ಅದೇ ಸಮಾಜ ವಿಜ್ಞಾನ.

ಮನೆ ಹುಡುಕಿದ ಮೇಲೆ ಕೇಳುವ ಬಗೆಯನ್ನೂ ಕಲಿಸಬೇಕು. "ಎಷ್ಟು ಜನರನ್ನು ಕೊಂದಿರಿ?" ಎಂಬುದು ಹುಡುಗರ ಮೊದಲ ಪ್ರಶ್ನೆ, ನೀವು ಬಿಟ್ಟರೆ ಕೇಳಿಯೇ ಕೇಳುತ್ತಾರೆ. ಅದನ್ನು ತಡೆಯಿರಿ. ಕೆಲವರಿಗೆ ಆ ಪ್ರಶ್ನೆಯಿಂದ ಅವತ್ತಿನ ನಿದ್ದೆ ಹೋಗುತ್ತದೆ. ಮನೆ ಬಿಟ್ಟ ದಿನ ಯಾವ ರೈಲು ಹತ್ತಿದಿರಿ, ಹಿಂದಿ ಬಾರದೆ ಮೊದಲ ತಿಂಗಳು ಹೇಗೆ ಕಳೆದಿರಿ, ಮೀನು ಸಿಗದ ಊರಿನಲ್ಲಿ ಏನು ಉಂಡಿರಿ, ಪತ್ರ ಎಷ್ಟು ದಿನಕ್ಕೆ ಬರುತ್ತಿತ್ತು, ನಿಮ್ಮ ಜೊತೆಯವರಲ್ಲಿ ಯಾರನ್ನು ಈಗಲೂ ನೆನೆಯುತ್ತೀರಿ ಎಂದು ಕೇಳಲಿ. ಮೀನಿನ ಪ್ರಶ್ನೆಯಿಂದ ಶುರುಮಾಡಿದರೆ ಕರಾವಳಿಯ ಯಾವ ಸೈನಿಕನೂ ಮಾತಾಡದೆ ಇರಲಾರ. ಅವರು ಸುಮ್ಮನಾದರೆ ಮಕ್ಕಳೂ ಸುಮ್ಮನಾಗಲಿ. ಒಳಗಿನಿಂದ ಅವರ ಹೆಂಡತಿ ಚಹ ತಂದರೆ ಅವರನ್ನೂ ಕೂರಿಸಿ ಕೇಳಲಿ. ಮನೆಯ ಅರ್ಧ ಕಥೆ ಅಲ್ಲಿದೆ. ಬರೆದದ್ದನ್ನು ಮನೆಯವರಿಗೆ ಓದಿ ತೋರಿಸಿ, ಬೇಡವೆಂದದ್ದನ್ನು ತೆಗೆದು, ಒಂದು ಪ್ರತಿ ಅವರಿಗೆ, ಒಂದು ಶಾಲೆಯ ಕಪಾಟಿಗೆ. ಆ ಕಪಾಟಿಗೆ ಬೀಗ ಹಾಕಬೇಡಿ, ಮಳೆಗಾಲದಲ್ಲಿ ಗೆದ್ದಲು ನೋಡಿಕೊಳ್ಳಿ. ಅದನ್ನು ನೋಡಿಕೊಳ್ಳುವ ಹೊಣೆ ಯಾವುದಾದರೊಂದು ತರಗತಿಯದ್ದಾಗಿ, ವರ್ಷ ವರ್ಷ ಕೈದಾಟಲಿ.

ಮೇಜರ್ ಆಗಿ 1968ರಲ್ಲಿ ನಿವೃತ್ತರಾದ ರಾಣೆ 1994ರವರೆಗೆ ಬದುಕಿದ್ದರು. 1984ರಲ್ಲಿ ಒಂದು ತೈಲ ಹಡಗಿಗೆ ಅವರ ಹೆಸರಿಟ್ಟರು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಇಟ್ಟಿದ್ದಾರೆ. ಆದರೆ ನಿವೃತ್ತಿಯ ನಂತರದ ಆ ಇಪ್ಪತ್ತಾರು ವರ್ಷಗಳಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಅವರಿದ್ದ ಪುಣೆಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದು, "ಟ್ಯಾಂಕಿನ ಅಡಿಯಲ್ಲಿ ಕತ್ತಲಲ್ಲವೇ, ನೆಲಬಾಂಬು ಹೇಗೆ ಕಾಣುತ್ತಿತ್ತು?" ಎಂದು ಕೇಳಬಹುದಿತ್ತು.

ಕೊನೆಗೆ ಈ ದತ್ತಿಯ ವ್ಯವಸ್ಥಾಪಕರಲ್ಲಿ ಒಂದು ಕೋರಿಕೆ. ಮುಂದಿನ ವರ್ಷ ನನ್ನಂಥ ಉಪನ್ಯಾಸಕರನ್ನು ಕರೆಯಬೇಡಿ. ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿ, ಒಂದರಲ್ಲಿ ಈ ಮುಂದಿನ ಸಾಲಿನವರಲ್ಲಿ ಒಬ್ಬರು ಕೂರಲಿ, ಇನ್ನೊಂದರಲ್ಲಿ ಆ ಹಿಂದಿನ ಬಾಗಿಲಿನವರಲ್ಲಿ ಒಬ್ಬಳು ಪ್ರಶ್ನೆಗಳ ನೋಟುಬುಕ್ಕು ಹಿಡಿದು ಕೂರಲಿ. ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನು ಸೈನಿಕರಿಗೆ ಕೊಡಿ, ಶಾಲಿನ ಬದಲು. ಶಾಲು ಅವರ ಮನೆಯಲ್ಲಿ ಬೇಕಾದಷ್ಟಿದೆ. ಬಸ್ ಖರ್ಚನ್ನು ಮೊದಲೇ ಕೊಟ್ಟುಬಿಡಿ. ಕೇಳಿ ಪಡೆಯುವ ಅಭ್ಯಾಸ ಅವರಲ್ಲಿ ಬಹಳ ಮಂದಿಗೆ ಇಲ್ಲ.